ಶಿಶುವಿನ ಶೋಕ ಮತ್ತು ಸಂಸ್ಕಾರದ ಅರ್ಥ: ‘ನಿಷಿದ್ಧ ಕ್ರೀಡೆಗಳು’ ಚಲಚ್ಚಿತ್ರದ ಒಂದು ಪರಿಶೀಲನೆ

1940ರ ಜೂನ್ ತಿಂಗಳಲ್ಲಿ ಜರ್ಮನ್ ಸೇನೆಯು ಪ್ಯಾರಿಸ್ ನಗರವನ್ನು ಸಮೀಪಿಸಿದಾಗ ಲಕ್ಷಾಂತರ ನಾಗರಿಕರು ಮನೆಮಾರುಗಳನ್ನು ತೊರೆದು ದಕ್ಷಿಣದ ಹಾದಿ ಹಿಡಿದರು. ಜೂನ್ 14ರಂದು ರಾಜಧಾನಿ ಶತ್ರುವಶವಾಯಿತು. 22ರಂದು ಕದನವಿರಾಮಕ್ಕೆ ಸಹಿ ಬಿದ್ದಿತು. ರಾಜಕೀಯ ಇತಿಹಾಸವು ಈ ದಿನಾಂಕಗಳನ್ನು ದಾಖಲಿಸುತ್ತದೆ. ಆ ಹಾದಿಯಲ್ಲಿ ಅನಾಥರಾದ ಮಕ್ಕಳು ಮರಣವನ್ನು ಹೇಗೆ ಗ್ರಹಿಸಿದರೆಂಬುದನ್ನು ಅದು ಹೇಳುವುದಿಲ್ಲ. ಫ್ರಾಂಸ್ವಾ ಬೊಯೆಯವರ ಕಾದಂಬರಿಯನ್ನು ಆಧರಿಸಿ ರೆನೆ ಕ್ಲೆಮಾಂ ಅವರು ನಿರ್ದೇಶಿಸಿದ ‘ನಿಷಿದ್ಧ ಕ್ರೀಡೆಗಳು’ ಎಂಬ ಫ್ರೆಂಚ್ ಚಲಚ್ಚಿತ್ರವು (1952) ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ.

ಕಥಾನಾಯಿಕೆ ಪೋಲೆಟ್ ಐದು ವರ್ಷದ ಬಾಲಿಕೆ. ರಸ್ತೆಯ ಮೇಲೆ ನಡೆದ ವಿಮಾನದಾಳಿಯಲ್ಲಿ ಅವಳ ತಂದೆತಾಯಿಗಳು ಮಡಿಯುತ್ತಾರೆ, ನಾಯಿಮರಿಯೂ ಸಾಯುತ್ತದೆ. ಅಲೆಯುತ್ತಿದ್ದ ಅವಳಿಗೆ ರೈತ ದೊಲ್ಲೆಯ ಮಗ ಮಿಶೆಲ್ ಎದುರಾಗುತ್ತಾನೆ. ಆ ಕುಟುಂಬವು ಅವಳಿಗೆ ಆಶ್ರಯವೀಯುತ್ತದೆ. ಹೆತ್ತವರ ಶವಸಂಸ್ಕಾರವನ್ನು ಅವಳು ಕಾಣಲಿಲ್ಲ. ನಾಯಿಯನ್ನು ಹೂತ ಮೇಲೆ ಅದು ಒಂಟಿಯಾಗಬಾರದೆಂದು ಮಕ್ಕಳಿಬ್ಬರೂ ಪಾಳುಬಿದ್ದ ಗಿರಣಿಯೊಂದರಲ್ಲಿ ಇತರ ಪ್ರಾಣಿಗಳನ್ನೂ ಹೂಳತೊಡಗುತ್ತಾರೆ. ಆ ಸಮಾಧಿಗಳಿಗಾಗಿ ಮಿಶೆಲ್ ಸ್ಮಶಾನದಿಂದಲೇ ಶಿಲುಬೆಗಳನ್ನು ಕದಿಯುತ್ತಾನೆ.

ಇದನ್ನು ಕೇವಲ ಬಾಲಲೀಲೆಯೆಂದು ಬಗೆಯಲಾಗದು. ಪೋಲೆಟಳಿಗೆ ಪ್ರಾರ್ಥನೆಗಳ ಪರಿಚಯವಿಲ್ಲ. ಮಿಶೆಲ್ ಕಲಿಸಿದಷ್ಟನ್ನೇ ಬಲ್ಲಳು. ಆದರೂ ಸಂಸ್ಕಾರದ ಮೂಲ ಪ್ರಯೋಜನವು ಅವಳಿಗೆ ಹೊಳೆದಿದೆ: ಸತ್ತವರನ್ನು ಒಂಟಿಯಾಗಿ ಬಿಡಬಾರದು, ಬದುಕಿದವರು ಅವರಿಗಾಗಿ ಏನನ್ನಾದರೂ ಮಾಡಬೇಕು. ತಂದೆತಾಯಿಗಳಿಗೆ ಸಲ್ಲಿಸಲಾಗದ ಋಣವನ್ನು ಅವಳು ಮೂಕಪ್ರಾಣಿಗಳಿಗೆ ಸಲ್ಲಿಸುತ್ತಾಳೆ. ಹಿರಿಯರಿಗಾದರೋ ವಿಧಿಗಳೆಲ್ಲವೂ ತಿಳಿದಿವೆ. ಆದರೆ ಕುದುರೆಯ ಒದೆತದಿಂದ ಹಿರಿಯ ಮಗನು ತೀರಿಕೊಂಡ ಬಳಿಕ, ಕಳುವಾದ ಶಿಲುಬೆಗಳ ವಿಷಯದಲ್ಲಿ ದೊಲ್ಲೆ ನೆರೆಯವನೊಡನೆ ಸ್ಮಶಾನದಲ್ಲಿಯೇ ಹೊಡೆದಾಡುತ್ತಾನೆ. ಅಲ್ಲಿ ಶಿಲುಬೆಯು ಮನೆತನದ ಮಾನದ ಗುರುತಾಗಿ ಮಾತ್ರ ಉಳಿದಿದೆ.

ಕೊನೆಯಲ್ಲಿ, ಪೋಲೆಟಳನ್ನು ಮನೆಯಲ್ಲಿಯೇ ಇರಿಸಿಕೊಳ್ಳುವೆನೆಂಬ ತಂದೆಯ ಮಾತನ್ನು ನಂಬಿ ಮಿಶೆಲ್ ಶಿಲುಬೆಗಳಿರುವ ಸ್ಥಳವನ್ನು ತಿಳಿಸುತ್ತಾನೆ. ತಂದೆ ಮಾತಿಗೆ ತಪ್ಪುತ್ತಾನೆ. ಪೊಲೀಸರು ಅವಳನ್ನು ಕರೆದೊಯ್ಯುತ್ತಾರೆ. ಮಿಶೆಲ್ ಶಿಲುಬೆಗಳನ್ನು ಹೊಳೆಗೆ ಎಸೆಯುತ್ತಾನೆ. ಕೊರಳಲ್ಲಿ ಹೆಸರಿನ ಚೀಟಿ ತೂಗುತ್ತಿರುವ ಪೋಲೆಟ್ ನಿರಾಶ್ರಿತರ ಗುಂಪಿನಲ್ಲಿ ಮಿಶೆಲನನ್ನೂ ಬಳಿಕ ತಾಯಿಯನ್ನೂ ಕೂಗುತ್ತ ಓಡುತ್ತಾಳೆ. ಸಂಸ್ಕಾರದ ಆಸರೆ ತಪ್ಪಿದಾಗಲೇ ಅದುವರೆಗೆ ಅಡಗಿದ್ದ ಶೋಕವು ಹೊರಬೀಳುತ್ತದೆ.

ಇತಿಹಾಸದ ವಿದ್ಯಾರ್ಥಿಯು ಈ ಚಿತ್ರವನ್ನು 1940ರ ನೇರ ಸಾಕ್ಷ್ಯವೆಂದು ಪರಿಗಣಿಸಬಾರದು. ಇದು ಕಲ್ಪಿತ ಕಥೆ. ಯುದ್ಧ ಮುಗಿದ ಏಳು ವರ್ಷಗಳ ಬಳಿಕ ಫ್ರೆಂಚ್ ಸಮಾಜವು ತನ್ನ ಸೋಲಿನ ದಿನಗಳನ್ನು ನೆನೆದ ಒಂದು ಬಗೆಗೆ ಇದು ಸಾಕ್ಷ್ಯ. ಆ ನೆನಪಿನ ಕೇಂದ್ರದಲ್ಲಿ ನಿಂತಿರುವುದು ಸೇನಾಪತಿಯಲ್ಲ, ಅನಾಥ ಶಿಶು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಸ್ವರ್ಣಸಿಂಹ ಪ್ರಶಸ್ತಿ ದೊರೆಯಿತು. ವಲಸೆಹೋದವರ ಸಂಖ್ಯೆಯನ್ನು ಪಠ್ಯಗ್ರಂಥಗಳಿಂದ ತಿಳಿಯಬಹುದು. ಆ ಸಂಖ್ಯೆಯೊಳಗಿನ ಒಂದು ಮಗು ಕೇಳಿರಬಹುದಾದ ಪ್ರಶ್ನೆಯನ್ನು ತರಗತಿಯ ಮುಂದಿಡಲು ಇಂಥ ಕೃತಿಗಳು ನೆರವಾಗುತ್ತವೆ.