ಆವಿಯಂತ್ರಕ್ಕೆ ಎಷ್ಟು ಉಪ್ಪು?

ಮಿನೆಸೋಟಾದ ಒಂದು ಜನವರಿ ರಾತ್ರಿ. ಹೊರಗೆ ಮೈನಸ್ ೨೦ ಡಿಗ್ರಿ. ಹತ್ತು ಗಂಟೆಯ ಸುಮಾರಿಗೆ ನೆರೆಮನೆಯ ಕನ್ನಡದ ಹುಡುಗ ಬಂದು ಬಾಗಿಲು ಬಡಿದ. ಮಗಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಅವನ ಅತ್ತೆಯವರ ಮುಂಗೈ ಬಿಸಿ ಹಬೆಗೆ ಸುಟ್ಟಿತ್ತು.

ಮಗುವಿಗೆ ಮೂಗು ಕಟ್ಟಿದೆಯೆಂದು ಅವರು ಅಂಗಡಿಯಿಂದ ನೀರು ಕುದಿಸುವ ವೇಪೊರೈಸರ್ ತಂದಿದ್ದರು. ಹಬೆ ಸಾಲದೆಂದು ತೋರಿದಾಗ ಆ ತಾಯಿ ಒಂದು ಚಮಚ ಉಪ್ಪು ಹಾಕಿದರು. ನಂತರ ಇನ್ನೊಂದು. ಯಂತ್ರ ಒಮ್ಮೆಲೇ ಉಕ್ಕಿ ಕುದಿನೀರನ್ನು ಉಗುಳತೊಡಗಿತು. ಏನಾಯಿತೆಂದು ಮುಚ್ಚಳ ಎತ್ತಿದರು. ತೊಟ್ಟಿಲು ಅಲ್ಲಿಂದ ಎರಡು ಮಾರು ದೂರದಲ್ಲಿತ್ತು. ಮಗುವಿಗೆ ಏನೂ ಆಗಲಿಲ್ಲ.

ಅವರ ಬಳೆಗಳನ್ನು ಬಿಡಿಸಿ, ಕೈಯನ್ನು ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಸಿದೆ. ಅಷ್ಟರೊಳಗೇ ಯಾರೋ ಟೂತ್‌ಪೇಸ್ಟ್ ಬಳಿದಿದ್ದರು. ಸುಟ್ಟ ಗಾಯಕ್ಕೆ ಪೇಸ್ಟ್, ಬೆಣ್ಣೆ, ಮಂಜುಗಡ್ಡೆ ಯಾವುದೂ ಸಲ್ಲದು. "ಉಪ್ಪು ಹಾಕಿ ಅಂತ ಡಬ್ಬದ ಮೇಲೇ ಬರೆದಿದೆ ಡಾಕ್ಟ್ರೇ" ಎಂದು ಅವರು ನೋವಿನಲ್ಲೂ ವಾದಿಸಿದರು. ಬರೆದಿದ್ದುದು ನಿಜ, ಆದರೆ ಒಂದು ಚಿಟಿಕೆ.

ಈ ಬಗೆಯ ಯಂತ್ರದಲ್ಲಿ ನಮ್ಮ ವಾಟರ್ ಹೀಟರಿನಂಥ ಕಾಯಿಲ್ ಇರುವುದಿಲ್ಲ. ಎರಡು ಎಲೆಕ್ಟ್ರೋಡುಗಳ ನಡುವೆ ವಿದ್ಯುತ್ತು ನೀರಿನ ಮೂಲಕವೇ ಹರಿದು ಅದನ್ನು ಕಾಯಿಸುತ್ತದೆ. ನೀರಿನಲ್ಲಿ ಲವಣ ಕಡಿಮೆಯಾದರೆ ಹಬೆ ಬಾರದು, ಹೆಚ್ಚಾದರೆ ಉಕ್ಕುತ್ತದೆ. ಆದ್ದರಿಂದ ಇದಕ್ಕೆ ಬಟ್ಟಿ ಇಳಿಸಿದ ನೀರು ಹೊಂದುವುದಿಲ್ಲ. ಪ್ಲಗ್ ಕೀಳದೆ ಮುಚ್ಚಳ ತೆರೆಯುವುದೆಂದರೆ ವಿದ್ಯುತ್ತು ಹರಿಯುತ್ತಿರುವ ನೀರಿಗೆ ಕೈ ಒಡ್ಡಿದಂತೆ. ಪ್ಲಗ್ ಕಿತ್ತು, ಪೂರ್ತಿ ಆರಲು ಬಿಟ್ಟು, ಬಳಿಕವೇ ಮುಟ್ಟಬೇಕು. ಎಲೆಕ್ಟ್ರೋಡಿಗೆ ಕಟ್ಟಿದ ಬಿಳಿ ಪೊರೆಯನ್ನು ವಿನಿಗರ್‌ನಲ್ಲಿ ನೆನೆಸಿಟ್ಟು ತೊಳೆಯಬಹುದು. ಎಷ್ಟೋ ವೇಳೆ ಹಬೆ ಬಾರದಿರಲು ಕಾರಣ ಆ ಪೊರೆಯೇ ಹೊರತು ಉಪ್ಪಿನ ಕೊರತೆಯಲ್ಲ.

ಅಷ್ಟಕ್ಕೂ ಈ ಯಂತ್ರವೇಕೆ ಎಂದು ಊರಿನವರು ಕೇಳುವುದುಂಟು. ಮೈನಸ್ ೨೦ರ ಗಾಳಿಯಲ್ಲಿ ನೀರಿನ ಅಂಶ ಅತ್ಯಲ್ಪ. ಅದನ್ನೇ ಒಳತಂದು ೨೦ ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇಕಡಾ ೫ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರುಗಳಿಂದ ಮನೆಯ ಗಾಳಿಗೆ ತುಸು ತೇವ ಸೇರುವುದಾದರೂ ತುಟಿ ಒಡೆಯುತ್ತದೆ, ಮೂಗಿನಿಂದ ರಕ್ತ ಒಸರುತ್ತದೆ. ಶೇಕಡಾ ೩೦ರಿಂದ ೫೦ರಷ್ಟು ಆರ್ದ್ರತೆ ಸಾಕು. ಮೀರಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇದನ್ನು ಅಳೆಯುವ ಪುಟ್ಟ ಮಾಪಕ ಕೆಲವೇ ಡಾಲರಿಗೆ ಸಿಗುತ್ತದೆ.

ಮಕ್ಕಳ ಕೋಣೆಗೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವುದು ತಣ್ಣನೆಯ ಮಂಜು ಸೂಸುವ ಹ್ಯುಮಿಡಿಫೈಯರನ್ನು. ಅದರಿಂದ ಸುಡುವ ಭಯವಿಲ್ಲ. ಆದರೆ ನೀರು ಕುದಿಯದ ಕಾರಣ ತೊಟ್ಟಿಯಲ್ಲಿ ಬೆಳೆದ ಸೂಕ್ಷ್ಮಾಣುಗಳು ಮಂಜಿನೊಡನೆ ಶ್ವಾಸಕ್ಕೆ ಸೇರಬಲ್ಲವು. ನಿತ್ಯ ನೀರು ಚೆಲ್ಲಿ ಒರೆಸಬೇಕು, ಮೂರು ದಿನಕ್ಕೊಮ್ಮೆ ತೊಳೆಯಬೇಕು. ಇದಕ್ಕೆ ಮಾತ್ರ ಬಟ್ಟಿ ಇಳಿಸಿದ ನೀರೇ ಲೇಸು. ನೀರಿಗೆ ಕ್ರಿಮಿನಾಶಕ ಬೆರೆಸುವ ಜಾಣತನ ಬೇಡ. ದಕ್ಷಿಣ ಕೊರಿಯಾದಲ್ಲಿ ಹಾಗೆ ಬೆರೆಸಲೆಂದೇ ಮಾರುತ್ತಿದ್ದ ದ್ರಾವಣಗಳು ಬಾಣಂತಿಯರ, ಗರ್ಭಿಣಿಯರ, ಎಳೆಯ ಮಕ್ಕಳ ಶ್ವಾಸಕೋಶಗಳನ್ನು ಹಾಳುಮಾಡಿ ಅನೇಕರನ್ನು ಬಲಿ ಪಡೆದುದು ೨೦೧೧ರಲ್ಲಿ ಬೆಳಕಿಗೆ ಬಂತು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರದ ಮುಲಾಮೂ ಸಲ್ಲದು. ಊರಿನ ಹಿರಿಯರು ಈ ಮಾತಿಗೆ ಬೇಸರಪಡುವುದನ್ನು ಬಲ್ಲೆ. ಕೂಸಿನ ಮೂಗಿಗೆ ಎರಡು ಹನಿ ಸಲೈನ್ ಬಿಡುವುದು ಈ ಎಲ್ಲಕ್ಕಿಂತ ಹೆಚ್ಚು ಹಿತ.

ಆ ತಾಯಿಯ ಗಾಯ ಎರಡು ವಾರದಲ್ಲಿ ಮಾಯಿತು. ಹೊರಡುವ ಮುನ್ನ ಬಂದು, ಮೂಲೆಗಿಟ್ಟ ಆ ವೇಪೊರೈಸರನ್ನು ಹಾಸನಕ್ಕೆ ಒಯ್ಯಬಹುದೇ ಎಂದು ಕೇಳಿದರು. ಇದು ೧೨೦ ವೋಲ್ಟಿನದು, ನಮ್ಮೂರಿನ ೨೩೦ಕ್ಕೆ ಸಿಕ್ಕಿಸಿದರೆ ಉಪ್ಪಿಲ್ಲದೆಯೇ ಉಕ್ಕೀತು ಎಂದೆ. ನಕ್ಕು, ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಮೊಮ್ಮಗುವಿನ ಹಳೆಯ ಹೊದಿಕೆಯೊಂದನ್ನು ಇಟ್ಟುಕೊಂಡರಂತೆ.