ಸಕ್ಕರೆ ಕಾಯಿಲೆ: ಊರಿನ ವೈದ್ಯರು ಸಾಕೆ, ತಜ್ಞರು ಬೇಕೆ?

ನೊಳಂಬರ ಹೆಂಜೇರು ಇಂದಿನ ಹೇಮಾವತಿ. ಇಲ್ಲಿಂದ ಹಿಂದೂಪುರಕ್ಕಾಗಲಿ ಶಿರಾಕ್ಕಾಗಲಿ ಆಸ್ಪತ್ರೆಗೆಂದು ಹೊರಟರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ; ಬೆಂಗಳೂರಾದರೆ ಜೊತೆಗೊಬ್ಬರೂ ಬೇಕು. ಆದ್ದರಿಂದ ಮಧುಮೇಹ ತಜ್ಞರನ್ನು ಯಾವಾಗ ಕಾಣಬೇಕೆಂಬುದು ಗಡಿನಾಡಿನ ಕುಟುಂಬಗಳಿಗೆ ಸಣ್ಣ ಪ್ರಶ್ನೆಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಅಧಿಕವೆಂದು ಅಂದಾಜಿಸಿದೆ. ಇಷ್ಟು ಜನಕ್ಕೂ ತಜ್ಞರು ದೊರೆಯಲಾರರು. ಎಲ್ಲರಿಗೂ ಬೇಕಾಗಿಯೂ ಇಲ್ಲ. ವಯಸ್ಕರಲ್ಲಿ ಸಾಮಾನ್ಯವಾದ ಎರಡನೆಯ ಬಗೆಯ ಮಧುಮೇಹವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾತ್ರೆ, ಪಥ್ಯ, ನಡಿಗೆಗಳಿಂದ ಹತೋಟಿಯಲ್ಲಿಡಬಲ್ಲರು. (ರಾಗಿಮುದ್ದೆ ಉಂಡರೆ ಸಕ್ಕರೆ ಏರದೆಂಬ ನಂಬಿಕೆ ಮಾತ್ರ ಸರಿಯಲ್ಲ, ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ.) ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪ್ರಮಾಣವು ಬಹುತೇಕ ವಯಸ್ಕರಲ್ಲಿ ಶೇ. 7ರ ಕೆಳಗಿರಬೇಕು. ಔಷಧ ತಪ್ಪಿಸದಿದ್ದರೂ ಅದು ಇಳಿಯದಿದ್ದರೆ, ಸಕ್ಕರೆ ಪದೇ ಪದೇ ಕುಸಿದು ಬೆವರು ನಡುಕ ಬರುತ್ತಿದ್ದರೆ, ಮೂತ್ರಪಿಂಡಕ್ಕೆ ಹಾನಿ ತಟ್ಟಿದ್ದರೆ, ಮಧುಮೇಹವುಳ್ಳವರು ಗರ್ಭ ಧರಿಸಿದರೆ ತಜ್ಞರಲ್ಲಿಗೆ ಹೋಗುವ ಖರ್ಚು ವ್ಯರ್ಥವಲ್ಲ.

ಮಕ್ಕಳ ಮಾತೇ ಬೇರೆ. ಮಗು ಇದ್ದಕ್ಕಿದ್ದಂತೆ ಮೇಲಿಂದ ಮೇಲೆ ನೀರು ಕುಡಿಯುವುದು, ತರಗತಿಯಿಂದ ಪದೇ ಪದೇ ಮೂತ್ರಕ್ಕೆದ್ದು ಹೋಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಉಂಡರೂ ಸೊರಗುವುದು ಒಂದನೆಯ ಬಗೆಯ ಮಧುಮೇಹದ ಲಕ್ಷಣಗಳಾಗಿರಬಹುದು. ದೇಹದಲ್ಲಿ ಇನ್ಸುಲಿನ್ ತಯಾರಿಕೆಯೇ ನಿಲ್ಲುತ್ತ ಬರುವ ಈ ರೋಗಕ್ಕೆ ಸಿಹಿತಿಂಡಿ ಕಾರಣವಲ್ಲ; ತಾಯಿತಂದೆಯರ ತಪ್ಪೂ ಅಲ್ಲ. ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಜ್ಞರನ್ನು ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ತಜ್ಞರ ಕೆಲಸ ಆಮೇಲಿನದು. ಬೆಳೆಯುವ ದೇಹ, ಊಟ, ಆಟ ಇವುಗಳಿಗೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ಹೊಂದಿಸಿ, ಚುಚ್ಚುವ ಕ್ರಮವನ್ನು ಮನೆಯವರಿಗೆ ಕಲಿಸುವವರು ಅವರು. ಬೆಂಗಳೂರಿನ ಸರಕಾರಿ ಸಂಸ್ಥೆಯಾದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ ಇಂಥ ಚಿಕಿತ್ಸೆಗೆಂದೇ ಇದೆ. ಮನುಷ್ಯನಿಗೆ ಇನ್ಸುಲಿನ್ ಮೊದಲು ದೊರೆತದ್ದು 1922ರಲ್ಲಿ. ಅದಕ್ಕೂ ಮೊದಲು ಈ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದಿಗೂ ನಾಟಿ ಔಷಧವನ್ನು ನೆಚ್ಚಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು.

ಹೊರಡುವಾಗ ಹಳೆಯ ಚೀಟಿಗಳನ್ನೂ ಮಾತ್ರೆಯ ಹಾಳೆಗಳನ್ನೂ ಒಯ್ಯಬೇಕು. ಇನ್ಸುಲಿನ್ ಪಡೆಯುವ ಮಗುವಿನ ಶಾಲೆಯ ಚೀಲದಲ್ಲಿ ಒಂದಿಷ್ಟು ಸಕ್ಕರೆಯ ಪೊಟ್ಟಣವಿರಲಿ. ಅದು ಏತಕ್ಕೆಂಬುದು ತರಗತಿಯ ಶಿಕ್ಷಕರಿಗೂ ತಿಳಿದಿರಲಿ.