ಪರದೇಶದಲ್ಲಿ ಒಂದು ಜಗಲಿ

ಪರದೇಶ ಪ್ರಯಾಣವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಂಥ ಸಾಮಾನ್ಯ ಗೃಹಸ್ಥರು ಹಣದ ಚೀಲವನ್ನು ಮುಟ್ಟಿ ನೋಡಿಕೊಳ್ಳುವುದು ಸಹಜವೇ ಆಗಿದೆ. ರೈಲಿನ ಖರ್ಚನ್ನು ಹೇಗೋ ಹೊಂದಿಸಬಹುದು. ಊಟವನ್ನು ಹಿತಮಿತವಾಗಿ ಮಾಡಬಹುದು. ಆದರೆ ರಾತ್ರಿಯಾದ ಮೇಲೆ ತಲೆಯಿಟ್ಟು ಮಲಗುವುದಕ್ಕೆ ಒಂದು ಸ್ಥಳ ಬೇಕಷ್ಟೆ? ಗಂಟು ಕರಗುವುದು ಅಲ್ಲಿಯೇ. ಈ ವಸತಿಯ ವಿಷಯವಾಗಿ ನಾವು ಸ್ವತಃ ಕಂಡು ಕಲಿತ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಊರು ಯಳಂದೂರು ತಾಲ್ಲೂಕಿನ ಅಗರ. ನೆರೆಯ ಮಾಂಬಳ್ಳಿಯೊಡನೆ ಸೇರಿಸಿ ಅಗರ-ಮಾಂಬಳ್ಳಿಯೆಂದು ಹೇಳುವುದೇ ರೂಢಿ. ಶಿವರಾತ್ರಿ ಸಮೀಪಿಸಿತೆಂದರೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಪರಿಷೆಯವರು ಈ ಸೀಮೆಯನ್ನು ಹಾದುಹೋಗುವುದುಂಟು. ನಮ್ಮ ಬಾಲ್ಯದಲ್ಲಿ ಅಂಥವರು ನಮ್ಮ ಮನೆಯ ಜಗಲಿಯ ಮೇಲೆ ಮಲಗದ ಶಿವರಾತ್ರಿಯೇ ಇರಲಿಲ್ಲ. ಯಾವ ಊರು, ಯಾವ ಕುಲ ಎಂದು ನಮ್ಮ ತಾಯಿಯವರು ವಿಚಾರಿಸಿದವರಲ್ಲ. ಒಂದು ಚೊಂಬು ನೀರು, ಒಂದು ಮುದ್ದೆ, ಉಪ್ಪೆಸರು. ಬೆಳಗಾದೊಡನೆ ಅವರು "ಉಘೇ ಮಾದಪ್ಪ" ಎಂದು ಹೊರಟುಹೋಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಜಗಲಿ ಹೋಯಿತು. ಕಬ್ಬಿಣದ ಗೇಟು ಬಂದಿತು. ಕಟ್ಟಿಸಿದವರು ನಾವೇ ಆದುದರಿಂದ ಯಾರನ್ನೂ ದೂರುವಂತಿಲ್ಲ.

ತಾಯಿಯವರಿಗೆ ಬಹುಕಾಲದಿಂದ ಪಶುಪತಿನಾಥನ ದರ್ಶನದ ಅಪೇಕ್ಷೆಯಿದ್ದಿತು. ಎಪ್ಪತ್ತು ದಾಟಿದ ಮೇಲೆ ಅಪೇಕ್ಷೆಗಳನ್ನು ಮುಂದೂಡುವುದು ಉಚಿತವಲ್ಲವೆಂದು ಬಗೆದು ಹೊರಟೆವು. ಅಲ್ಪ ವೆಚ್ಚದಲ್ಲಿ ಪರದೇಶವನ್ನು ನೋಡಬಯಸುವವರಿಗೆ ನೇಪಾಳದಷ್ಟು ಅನುಕೂಲವಾದ ದೇಶವು ವಿರಳ. ಭಾರತೀಯರಿಗೆ ಅಲ್ಲಿ ವೀಸಾದ ಅಗತ್ಯವಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯಿದ್ದರೆ ಸಾಕು. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ ಎಂಬ ದರವು 1993ರಿಂದ ಸ್ಥಿರವಾಗಿ ನಿಂತಿದೆ. ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಂಡರಾಯಿತು. ಬೆಂಗಳೂರಿನ ಯಶವಂತಪುರದಿಂದ ಗೋರಖಪುರಕ್ಕೆ ರೈಲು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಸೊನೌಲಿಯ ಗಡಿ.

ಗಡಿಯನ್ನು ದಾಟಿದ ರಾತ್ರಿಯೇ ಮೊದಲ ಪಾಠವಾಯಿತು. ಅತ್ಯಂತ ಅಗ್ಗವೆಂದು ಕೂಗಿ ಕರೆದ ಒಂದು ವಸತಿಗೃಹಕ್ಕೆ ಹೊಕ್ಕೆವು. ಬೆಳಗ್ಗೆ ಲೆಕ್ಕ ಬಂದಾಗ ಬಿಸಿನೀರಿಗೆ ಬೇರೆ, ಹೊದಿಕೆಗೆ ಬೇರೆ, ಚಹಕ್ಕೆ ಬೇರೆ ಎಂದು ಹೇಳಿದ ದರವು ಇಮ್ಮಡಿಯಾಗಿದ್ದಿತು. ತಪ್ಪು ಅವರದಕ್ಕಿಂತ ನಮ್ಮದೇ ಹೆಚ್ಚು. ದರದಲ್ಲಿ ಏನೇನು ಸೇರಿದೆಯೆಂದು ನಾವು ಕೇಳಿರಲಿಲ್ಲ.

ಎರಡನೆಯ ರಾತ್ರಿ ಲುಂಬಿನಿಯಲ್ಲಿ ಕಳೆಯಿತು. ಬುದ್ಧನು ಜನಿಸಿದ ಆ ಕ್ಷೇತ್ರದಲ್ಲಿ ಅನೇಕ ದೇಶಗಳ ಬೌದ್ಧರು ತಮ್ಮ ತಮ್ಮ ವಿಹಾರಗಳನ್ನು ಕಟ್ಟಿದ್ದಾರೆ. ಕೊರಿಯಾದವರ ವಿಹಾರದಲ್ಲಿ ಯಾತ್ರಿಕರಿಗೆ ಅಲ್ಪ ಹಣಕ್ಕೆ ಕೋಣೆಯೂ ಊಟವೂ ದೊರೆಯುತ್ತವೆ. ಗಂಟೆಗೆ ಸರಿಯಾಗಿ ಪಂಕ್ತಿ. ಉಂಡ ತಟ್ಟೆಯನ್ನು ಉಂಡವನೇ ತೊಳೆಯಬೇಕು. ನಮ್ಮ ಮಠಗಳ ದಾಸೋಹವನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದುದು ಯಾವುದೂ ಇಲ್ಲ.

ಅಲ್ಲಿಂದ ಪೋಖರಾ ಕಡೆಗೆ ಹೋಗುವ ಸಿದ್ಧಾರ್ಥ ಹೆದ್ದಾರಿಯನ್ನು ಹಿಡಿದು ಸ್ಯಾಂಗ್ಜಾ ಜಿಲ್ಲೆಯನ್ನು ಮುಟ್ಟಿ, ಬೆಟ್ಟದ ದಾರಿಯನ್ನೇರಿ ಸಿರುಬಾರಿಯೆಂಬ ಹಳ್ಳಿಗೆ ಬಂದೆವು. ಇದು ಗುರುಂಗ್ ಜನರ ಊರು. ಇವರಲ್ಲಿ ಗೂರ್ಖಾ ಪಡೆಗಳಲ್ಲಿ ಸೇವೆ ಮಾಡಿ ನಿವೃತ್ತರಾದವರು ಅನೇಕರು. ಪ್ರವಾಸಿಗಳನ್ನು ಮನೆಮನೆಗಳಲ್ಲಿ ಅತಿಥಿಗಳಾಗಿ ಇರಿಸಿಕೊಳ್ಳುವ ಏರ್ಪಾಡು ಇಲ್ಲಿ 1997ರಲ್ಲಿ ಪ್ರಾರಂಭವಾಯಿತು. ಇದನ್ನೇ ಈಗ ಎಲ್ಲರೂ ಹೋಂಸ್ಟೇ ಎನ್ನುವುದು. ಊರಿನ ಸಮಿತಿಯೇ ದರವನ್ನು ಗೊತ್ತುಮಾಡುತ್ತದೆ. ಯಾರು ಯಾವ ಮನೆಗೆ ಹೋಗಬೇಕೆಂಬುದನ್ನು ಸರದಿಯ ಪ್ರಕಾರ ನಿರ್ಧರಿಸುತ್ತದೆ. ಹೀಗಾಗಿ ಮನೆಗೂ ಮನೆಗೂ ಪೈಪೋಟಿಯಿಲ್ಲ. 2010ರಲ್ಲಿ ನೇಪಾಳ ಸರಕಾರವು ಇಂಥ ವಸತಿಗಳಿಗಾಗಿ ನಿಯಮಗಳನ್ನೇ ರಚಿಸಿತು. ಊರವರು ಪಂಚೆ ಬಾಜಾ ಎಂಬ ವಾದ್ಯಮೇಳದೊಡನೆ ಹೂಮಾಲೆ ಹಾಕಿ ನಮ್ಮನ್ನು ಎದುರುಗೊಂಡಾಗ ತಾಯಿಯವರು, "ಯಾರ ಮದುವೆ?" ಎಂದು ಮೆಲ್ಲನೆ ಕೇಳಿದರು.

ನಾವಿದ್ದ ಮನೆಯ ಅಂಗಳದಲ್ಲಿ ಧಾನ್ಯವನ್ನು ಒಣಹಾಕಿದ್ದರು. ತಾಯಿಯವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, "ರಾಗಿ ಕಣಾ ಮೊಗ!" ಎಂದು ಉದ್ಗರಿಸಿದರು. ನಿಜವೇ. ಅಲ್ಲಿ ಅದಕ್ಕೆ ಕೋದೊ ಎಂಬ ಹೆಸರು. ಅದರ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಮಾಡುವ ಢಿಂಡೊ ನಮ್ಮ ಮುದ್ದೆಗಿಂತ ತುಸು ಮೆದು. ಜೊತೆಗೆ ಹುಳಿಬರಿಸಿ ಒಣಗಿಸಿದ ಸೊಪ್ಪಿನ ಸಾರು. ಎಂಜಲೆಂಬುದಕ್ಕೆ ಅವರಲ್ಲಿ ಜೂಠೊ ಎಂಬ ಮಾತಿದೆ, ನಿಯಮವೂ ನಮ್ಮದರಂತೆಯೇ. ಮಾಂಸಾಹಾರವು ಅಲ್ಲಿ ಸಾಮಾನ್ಯ. ಒಲ್ಲದವರು ಮೊದಲೇ ತಿಳಿಸಿದರೆ ಯಾರೂ ಬೇಸರಪಡುವುದಿಲ್ಲ. ಭಾಷೆ ಬಾರದ ಇಬ್ಬರು ಹೆಂಗಸರು ಒಲೆಯ ಮುಂದೆ ಕುಳಿತು ಎರಡು ದಿನ ಏನು ಮಾತನಾಡಿದರೋ ನಮಗೆ ತಿಳಿಯದು. ನಗು ಮಾತ್ರ ಹೊರಗೆ ಕೇಳಿಬರುತ್ತಿದ್ದಿತು.

ಹೊರಡುವ ದಿನ ನಮ್ಮಿಂದ ಒಂದು ಅಲ್ಪತನವು ನಡೆದುಹೋಯಿತು. ಮೊದಲ ರಾತ್ರಿಯ ಕಹಿ ಮನಸ್ಸಿನಲ್ಲಿದ್ದುದರಿಂದ, ತಾಯಿಯವರು ಒಂದೇ ಹೊತ್ತು ಉಂಡಿದ್ದಾರೆ, ಅವರ ಲೆಕ್ಕದಲ್ಲಿ ಸ್ವಲ್ಪ ಕಡಿಮೆ ಮಾಡಬೇಕು ಎಂದು ಹರಕುಮುರುಕು ಹಿಂದಿಯಲ್ಲಿ ಚೌಕಾಶಿಗೆ ತೊಡಗಿದೆವು. ಆ ಮನೆಯೊಡತಿಯ ಮುಖ ಬಾಡಿತು. ಆಕೆ ಏನನ್ನೂ ಆಡದೆ ತಲೆ ತಗ್ಗಿಸಿದಳು. ನಮ್ಮ ಹಿಂದಿ ತಾಯಿಯವರಿಗೆ ತಿಳಿಯದಿದ್ದರೂ ಸಂಗತಿ ತಿಳಿಯಿತು.

"ಏನ್ ಮೊಗ ಇದು? ನಮ್ ಜಗ್ಲಿ ಮೇಲೆ ಮಲಗ್ದೋರು ಯಾವತ್ತಾರೂ ನಮ್ ಮುದ್ದೆ ಲೆಕ್ಕ ಹಾಕಿದ್ರಾ? ಈ ತಾಯಿ ಹೊತ್ತುಟ್ಟೋಕ್ ಮುಂಚೆ ಎದ್ದು ನಂಗೆ ನೀರ್ ಕಾಯ್ಸವ್ಳೆ. ಸುಮ್ನೆ ಕೊಡು."

ಪೂರ್ತಿ ಹಣವನ್ನು ಕೊಟ್ಟೆವು. ತಾಯಿಯವರು ತಮ್ಮ ಸೆರಗಿನ ಗಂಟಿನಿಂದ ಅರಿಸಿನ ಕುಂಕುಮದ ಪೊಟ್ಟಣವನ್ನು ಬಿಚ್ಚಿ ಆಕೆಯ ಕೈಗಿತ್ತರು. ಬಸ್ಸಿನಲ್ಲಿ ಬಹಳ ಹೊತ್ತು ನಮಗೆ ಮಾತೇ ಹೊರಡಲಿಲ್ಲ.

ಪಶುಪತಿನಾಥನ ದರ್ಶನವು ಸುಖವಾಗಿ ಆಯಿತು. ಅಲ್ಲಿ ಮುಖ್ಯ ಪೂಜೆಯನ್ನು ನಡೆಸುವ ಭಟ್ಟರು ಪರಂಪರೆಯಿಂದ ಕರ್ನಾಟಕದವರು. ಭಕ್ತಪುರದಲ್ಲಿ ಜಂಗಮ ಮಠವೂ ಒಂದುಂಟು. ಹಿಂದೆ ಈ ದಾರಿಯನ್ನು ನಡೆದೇ ಹೋದ ನಮ್ಮವರಿಗೆ ಎಷ್ಟು ಊರುಗಳ ಎಷ್ಟು ಜಗಲಿಗಳು ಆಶ್ರಯವಿತ್ತಿರಬೇಕು!

ಈ ಧರ್ಮವು ನಮ್ಮ ಸೀಮೆಗಷ್ಟೇ ಸೇರಿದುದಲ್ಲ. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಉಪಾಧ್ಯಾಯನು ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿಯನ್ನು ಕಳೆದನು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ಯಾತ್ರಿಕರಿಗೇಕೆ ತೆರೆದಿರಬಾರದೆಂಬ ಅವನ ಯೋಚನೆಯಿಂದಲೇ ಇಂದು ಅನೇಕ ದೇಶಗಳಲ್ಲಿರುವ ಯೂತ್ ಹಾಸ್ಟೆಲುಗಳು ಹುಟ್ಟಿದುವು. ಸ್ಪೇನಿನಲ್ಲಿ ಸಂತಿಯಾಗೊ ಕ್ಷೇತ್ರಕ್ಕೆ ನಡೆದುಹೋಗುವವರಿಗಾಗಿ ಇರುವ ಛತ್ರಗಳಲ್ಲಿ ಕೆಲವು ಇಂದಿಗೂ ಕಾಣಿಕೆಯಿಂದಲೇ ನಡೆಯುತ್ತವೆ.

ಹೊರಡುವವರಿಗೆ ನಮ್ಮ ಸೂಚನೆಗಳು ಇಷ್ಟೆ. ದರದಲ್ಲಿ ಊಟ, ಹೊದಿಕೆ, ಬಿಸಿನೀರು ಸೇರಿವೆಯೇ ಎಂದು ಒಳಹೋಗುವ ಮೊದಲೇ ಕೇಳಿರಿ. ಹಳ್ಳಿಯ ಮನೆಗೆ ಹೋಗುವುದಾದರೆ ಮುಂಚಿತವಾಗಿ ಸುದ್ದಿ ಕಳುಹಿಸಿ, ಕತ್ತಲಾಗುವುದರೊಳಗೆ ತಲುಪಿರಿ. ಚಿಲ್ಲರೆ ಹಣವನ್ನು ಇಟ್ಟುಕೊಳ್ಳಿರಿ. ಅಡಿಗೆಯ ಮನೆಯ ಹೊಸ್ತಿಲನ್ನು ಕೇಳದೆ ದಾಟಬೇಡಿರಿ. ಅಂಗಡಿಯಲ್ಲಿ ಚೌಕಾಶಿ ಮಾಡಿರಿ. ಅನ್ನವಿಟ್ಟ ಮನೆಯಲ್ಲಿ ಮಾಡಬೇಡಿರಿ.

ಊರಿಗೆ ಹಿಂದಿರುಗಿದ ಮೇಲೆ ಗೇಟಿನ ಹೊರಗೆ, ಗೋಡೆಗೆ ಒತ್ತಿ, ಇಬ್ಬರು ಮಲಗುವಷ್ಟು ಅಗಲದ ಒಂದು ಕಲ್ಲುಚಪ್ಪಡಿಯನ್ನು ಹಾಕಿಸಿದ್ದೇವೆ. ಮೇಲೆ ತಗಡಿನ ಮಾಡಿದೆ. ಪಕ್ಕದಲ್ಲಿ ನೀರಿನ ಗುಡಾಣವಿದೆ. ತಾಯಿಯವರು ದಿನವೂ ಅದನ್ನು ಗುಡಿಸುತ್ತಾರೆ. ಶಿವರಾತ್ರಿಗೆ ಇನ್ನು ಹೆಚ್ಚು ದಿನಗಳಿಲ್ಲ.